ಹಾಸ್ಟೆಲ್ ರೂಮಿನಲ್ಲಿ ಆದದ್ದು ಕಳ್ಳತನ, ಠಾಣೆಯಲ್ಲಿ ಬರೆದದ್ದು ‘ಕಳೆದುಹೋಗಿದೆ’ ಅಂತ: ಈಗೇನು ಮಾಡಲಿ?

ಪ್ರಶ್ನೆ: ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಊರು ಹಾವೇರಿ ಕಡೆ. ಇರುವುದು ಕ್ಯಾಂಪಸ್ಸಿನ ಲೇಡೀಸ್ ಹಾಸ್ಟೆಲಿನಲ್ಲಿ. ಮೂರು ವಾರದ ಹಿಂದೆ ಬೆಳಿಗ್ಗೆ ಏಳರ ಹೊತ್ತಿಗೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಚಾರ್ಜಿಗೆ ಹಾಕಿದ್ದ ಫೋನೂ ಲ್ಯಾಪ್‌ಟಾಪೂ ಮಾಯ. ‘ಪೊಲೀಸ್ ಗಿಲೀಸ್ ಅಂತ ಹೋಗಬೇಡ, ಹಾಸ್ಟೆಲ್ ಹೆಸರು ಕೆಡುತ್ತೆ’ ಅಂದರು ವಾರ್ಡನ್. ಆದರೂ ಹೋದೆ. ಠಾಣೆಯಲ್ಲಿ ‘ಕಳೆದುಹೋಗಿದೆ’ ಅಂತ ಬರೆಸಿಕೊಂಡು ಒಂದು ಚೀಟಿ ಕೊಟ್ಟು ಕಳಿಸಿದರು. ಅದಾದ ಮೇಲೆ ನಮ್ಮ ಗೇಟನ್ನು ರಾತ್ರಿ ಎಂಟರ ಬದಲು ಸಂಜೆ ಆರೂವರೆಗೇ ಹಾಕುತ್ತಿದ್ದಾರೆ. ಹುಡುಗರ ಹಾಸ್ಟೆಲಿನಲ್ಲೂ ಕಳ್ಳತನ ಆಗಿದೆ, ಅಲ್ಲಿ ಏನೂ ಬದಲಾಗಿಲ್ಲ. ಕಳೆದ ವಾರ ಕ್ಯಾಂಪಸ್ ರಸ್ತೆಯಲ್ಲೇ ಬೈಕಿನವರು ನನ್ನ ಗೆಳತಿಯ ಫೋನ್ ಕಿತ್ತುಕೊಂಡು ಹೋದರು. ಪಿಜಿಗೆ ಹೋಗು ಅಂತ ಅಪ್ಪ ಹಟ ಹಿಡಿದಿದ್ದಾರೆ. ವಸ್ತು ವಾಪಸ್ ಸಿಗುತ್ತಾ? ಇಲ್ಲೇ ಇರೋದಾದರೆ ಹುಷಾರಾಗಿರುವುದು ಹೇಗೆ?

ಉತ್ತರ: ಮೊದಲು ಒಂದು ಕೆಲಸ ಮಾಡಿ, ಅದೂ ಇವತ್ತೇ. ಹಾಸ್ಟೆಲ್ ಗೇಟಿನಲ್ಲೋ ಕಾರಿಡಾರಿನಲ್ಲೋ ಕ್ಯಾಮೆರಾ ಇದ್ದರೆ, ಆ ದಿನದ ದೃಶ್ಯವನ್ನು ಅಳಿಸದೆ ತೆಗೆದಿಡಿ ಅಂತ ವಾರ್ಡನ್‌ಗೆ ಪತ್ರ ಕೊಡಿ. ಬಾಯಲ್ಲಿ ಹೇಳಿದರೆ ಆಗಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಮತ್ತು ಸಹಿ ಹಾಕಿಸಿಕೊಂಡು ನೀವು ಇಟ್ಟುಕೊಳ್ಳಿ. ಸಹಿ ಹಾಕಲ್ಲ ಅಂದರೆ ಅದನ್ನೇ ಇಮೇಲ್ ಮಾಡಿ, ರಿಜಿಸ್ಟ್ರಾರ್‌ಗೂ ಒಂದು ಪ್ರತಿ ಹೋಗಲಿ. ಜನ ಜಾಸ್ತಿ ಸೇರುವ ಸಂಸ್ಥೆಗಳು ಸಿಸಿಟಿವಿ ದೃಶ್ಯವನ್ನು 30 ದಿನ ಇಟ್ಟುಕೊಂಡಿರಬೇಕು ಅಂತ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಅದರಲ್ಲಿ ಮೂರು ವಾರ ಆಗಲೇ ಕಳೆದಿದೆ. ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆಯಲ್ಲಿ ಜಾಗ ತುಂಬಿದ ಹಾಗೆ ಹಳೆಯದರ ಮೇಲೆ ಹೊಸದು ಬರುತ್ತಾ ಹೋಗುತ್ತದೆ. ಆಮೇಲೆ ಯಾರು ಕೇಳಿದರೂ ಅಲ್ಲಿ ಏನೂ ಇರುವುದಿಲ್ಲ. ದೃಶ್ಯ ನನಗೆ ತೋರಿಸಿ ಅಂತ ಜಗಳಕ್ಕೆ ನಿಲ್ಲಬೇಡಿ, ಅದನ್ನು ನೋಡಬೇಕಾದವರು ಪೊಲೀಸರು. ನಿಮಗೆ ಬೇಕಿರುವುದು ಅದು ಉಳಿಯುವುದು, ಅಷ್ಟೆ.

ಈಗ ಠಾಣೆಯ ವಿಷಯ. ನಾನು ಪೊಲೀಸ್ ಇಲಾಖೆಯಲ್ಲಿ ಇದ್ದವನು. ಆ ಚೀಟಿ ಯಾಕೆ ಕೊಟ್ಟರು ಅಂತ ಚೆನ್ನಾಗಿ ಗೊತ್ತು. ಎಫ್‌ಐಆರ್ ಹಾಕಿದರೆ ತನಿಖೆ ಮಾಡಬೇಕು, ಸ್ಥಳಕ್ಕೆ ಹೋಗಿ ಮಹಜರು ಬರೆಯಬೇಕು, ಕೋರ್ಟಿಗೆ ವರದಿ ಕೊಡಬೇಕು. ಪತ್ತೆ ಆಗದಿದ್ದರೆ ಪತ್ತೆಯಾಗದ ಪ್ರಕರಣ ಅಂತ ಠಾಣೆಯ ಲೆಕ್ಕದಲ್ಲಿ ಕೂರುತ್ತದೆ. ‘ಕಳೆದುಹೋಗಿದೆ’ ಅಂತ ಬರೆದರೆ ಇದ್ಯಾವುದೂ ಇಲ್ಲ. ಬಸ್ಸಲ್ಲಿ ಪರ್ಸ್ ಬೀಳಿಸಿಕೊಂಡವರಿಗೆ, ಮಾರ್ಕ್ಸ್ ಕಾರ್ಡ್ ಕಳೆದುಕೊಂಡವರಿಗೆ ಆ ವ್ಯವಸ್ಥೆ ಇರುವುದು. ರೂಮಿನೊಳಗಿಂದ ಎತ್ತಿಕೊಂಡು ಹೋದದ್ದು ‘ಕಳೆದುಹೋದದ್ದು’ ಹೇಗಾಗುತ್ತದೆ?

ಕಾನೂನು ಇಲ್ಲಿ ನಿಮ್ಮ ಪರವಾಗಿ ಸಾಕಷ್ಟು ಗಟ್ಟಿಯಾಗಿದೆ. 2024ರ ಜುಲೈ 1ರಿಂದ ಹಳೆಯ ಐಪಿಸಿಯ ಬದಲು ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಕಳ್ಳತನಕ್ಕೆ ಕಲಂ 303. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಪೊಲೀಸರು ಅದನ್ನು ಅಸಂಜ್ಞೇಯ (ಕೋರ್ಟಿನ ಅನುಮತಿ ಇಲ್ಲದೆ ತನಿಖೆ ಮಾಡಲಾಗದ ಅಪರಾಧ) ಅಂತ ಬದಿಗಿಡಬಹುದು. ಆದರೆ ಮನುಷ್ಯರು ವಾಸ ಮಾಡುವ ಕಟ್ಟಡದೊಳಗೆ ಕದ್ದರೆ ಕಲಂ 305 ಬರುತ್ತದೆ, ಶಿಕ್ಷೆ ಏಳು ವರ್ಷದವರೆಗೆ. ಹಾಸ್ಟೆಲ್ ರೂಮು ನೀವು ಮಲಗಿ ಏಳುವ ಜಾಗ, ಅಲ್ವಾ? ಹಾಗಾಗಿ ‘ಇದೆಲ್ಲ ಚಿಲ್ಲರೆ ಕೇಸು’ ಅನ್ನುವ ಮಾತಿಗೆ ಸೊಪ್ಪು ಹಾಕಬೇಡಿ.

ಹೊಸದಾಗಿ ಒಂದು ದೂರು ಬರೆಯಿರಿ. ಕಥೆ ಬೇಡ, ಸಿಟ್ಟೂ ಬೇಡ. ಠಾಣೆಯಲ್ಲಿ ಓದುವವರಿಗೆ ಪರಿಚಯ ಇರುವ ಧಾಟಿಯಲ್ಲೇ ಇರಲಿ: ‘ದಿನಾಂಕ ಇಂಥದ್ದು, ಬೆಳಿಗ್ಗೆ 7ರಿಂದ 7.20ರ ನಡುವೆ, ಹಾಸ್ಟೆಲಿನ ಇಷ್ಟನೇ ನಂಬರ್ ಕೋಣೆಯಲ್ಲಿ ಮೇಜಿನ ಮೇಲೆ ಚಾರ್ಜಿಗೆ ಇಟ್ಟಿದ್ದ ನನ್ನ ಮೊಬೈಲ್ ಮತ್ತು ಲ್ಯಾಪ್‌ಟಾಪನ್ನು ನಾನು ಸ್ನಾನಕ್ಕೆ ಹೋಗಿದ್ದಾಗ ಯಾರೋ ಕಳ್ಳರು ಕಳವು ಮಾಡಿಕೊಂಡು ಹೋಗಿರುತ್ತಾರೆ.’ ಅದರ ಕೆಳಗೆ ಕಂಪನಿ, ಮಾಡೆಲ್, ಬಣ್ಣ, ಫೋನಿನ ಐಎಂಇಐ ನಂಬರು (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ), ಲ್ಯಾಪ್‌ಟಾಪಿನ ಸೀರಿಯಲ್ ನಂಬರು, ಅಂದಾಜು ಬೆಲೆ ಬರೆಯಿರಿ. ಮೊದಲು ಕೊಟ್ಟ ಚೀಟಿಯ ನಂಬರು ಹಾಕಿ, ಅದರಲ್ಲಿ ಕಳೆದುಹೋಗಿದೆ ಅಂತ ನಮೂದಾಗಿದೆ, ನಡೆದದ್ದು ಕಳವು ಅಂತ ಒಂದು ಸಾಲು ಸೇರಿಸಿ. ತಡ ಯಾಕಾಯಿತು ಅನ್ನುವುದಕ್ಕೂ ಅದೇ ಉತ್ತರ ಆಗುತ್ತದೆ. ವಾರ್ಡನ್ ಏನಂದರು ಅಂತ ದೂರಿನಲ್ಲಿ ಎಳೆಯುವುದು ಬೇಡ, ಸದ್ಯಕ್ಕೆ ಅದು ಬೇರೆ ಜಗಳ. ಆದರೆ ಇಷ್ಟು ತಿಳಿದಿರಲಿ: ಪೊಲೀಸರಿಗೆ ದೂರು ಕೊಡಲು ವಾರ್ಡನ್‌ದಾಗಲಿ, ವಿಭಾಗದ ಮುಖ್ಯಸ್ಥರದಾಗಲಿ ಅನುಮತಿ ಬೇಕಿಲ್ಲ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ದೂರನ್ನು ಆನ್‌ಲೈನಿನಲ್ಲೂ ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ‘ಇದು ನಮ್ಮ ಸರಹದ್ದಲ್ಲ’ ಅಂತ ವಾಪಸ್ ಕಳಿಸುವ ಹಾಗಿಲ್ಲ. ಎಫ್‌ಐಆರ್ ಪ್ರತಿ ನಿಮಗೆ ಪುಕ್ಕಟೆ ಕೊಡಬೇಕು. ಒಪ್ಪದಿದ್ದರೆ ಅದೇ ದೂರನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಎಸ್‌ಪಿಗೆ ಕಳಿಸಿ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಂಥ ಕಮಿಷನರೇಟ್ ಊರಾದರೆ ಡಿಸಿಪಿಗೆ. ಹತ್ತರಲ್ಲಿ ಎಂಟು ಸಲ ಪೋಸ್ಟಿನ ಮಾತು ಎತ್ತಿದ ಕೂಡಲೇ ‘ಕೂತ್ಕೊಳ್ಳಿ ಮೇಡಂ’ ಅಂತಾರೆ. ಕೇಸು ಆದ ಮೇಲೆ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸುವುದು ತನಿಖಾಧಿಕಾರಿಯ ಕೆಲಸ.

ವಸ್ತು ಸಿಗುತ್ತಾ ಅಂದಿರಿ. ಫೋನಿಗೆ ಆಸೆ ಇಟ್ಟುಕೊಳ್ಳಿ. ಲ್ಯಾಪ್‌ಟಾಪಿಗೆ ಅಷ್ಟಿಲ್ಲ.

ಕಳುವಾದ ಫೋನನ್ನು ಬ್ಲಾಕ್ ಮಾಡಿ ಪತ್ತೆಹಚ್ಚಲು ಸಿಇಐಆರ್ ಅನ್ನುವ ಕೇಂದ್ರ ಸರ್ಕಾರದ ವ್ಯವಸ್ಥೆ ಇದೆ. 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಪೋರ್ಟಲ್ ಮೂಲಕ ದೇಶಕ್ಕೆಲ್ಲ ಬಂತು. ಪೊಲೀಸ್ ದೂರಿನ ಪ್ರತಿ, ಐಎಂಇಐ ನಂಬರು, ಒಟಿಪಿ ಬರುವುದಕ್ಕೆ ಒಂದು ಸಿಮ್, ಇಷ್ಟಿದ್ದರೆ ನೀವೇ ಕೂತು ಫೋನನ್ನು ಬ್ಲಾಕ್ ಮಾಡಬಹುದು. ಕೈಯಲ್ಲಿರುವ ಆ ಚೀಟಿಯನ್ನೇ ಇಲ್ಲಿ ಹಾಕಿ, ಎಫ್‌ಐಆರ್ ಆಗಲಿ ಅಂತ ಕಾಯುತ್ತಾ ಕೂರಬೇಡಿ. ಬ್ಲಾಕ್ ಆದ ಫೋನು ಭಾರತದ ಯಾವ ನೆಟ್‌ವರ್ಕಿನಲ್ಲೂ ಕೆಲಸ ಮಾಡುವುದಿಲ್ಲ. ಯಾರಾದರೂ ಅದಕ್ಕೆ ಸಿಮ್ ಹಾಕಿದರೆ ಮಾಹಿತಿ ಪೊಲೀಸರಿಗೆ ಹೋಗುತ್ತದೆ. ಕದ್ದವನು ಮಾರಿ, ಕೊಂಡವನು ಇನ್ನೊಬ್ಬನಿಗೆ ಮಾರಿ, ತಿಂಗಳುಗಟ್ಟಲೆ ಆದ ಮೇಲೆ ಎಲ್ಲೋ ದೂರದ ತಾಲ್ಲೂಕಿನಲ್ಲಿ ಸಿಮ್ ಬೀಳುತ್ತದೆ. ಹಾಗೆ ಸಿಕ್ಕ ಫೋನುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ಪೊಲೀಸರು ಮಾಲೀಕರಿಗೆ ಹಂಚುವ ಫೋಟೋ ಪೇಪರಿನಲ್ಲಿ ನೋಡಿರುತ್ತೀರಿ. ಎರಡು ಸಿಮ್ಮಿನ ಫೋನಿಗೆ ಐಎಂಇಐ ಎರಡಿರುತ್ತವೆ, ಎರಡನ್ನೂ ಕೊಡಿ. ನಂಬರು ಫೋನಿನ ಡಬ್ಬಿಯ ಮೇಲೆ, ಬಿಲ್ಲಿನಲ್ಲಿ ಇರುತ್ತದೆ. ಡಬ್ಬಿ ಊರಲ್ಲಿದ್ದರೆ ಅಪ್ಪನಿಗೆ ಹೇಳಿ ಫೋಟೋ ತರಿಸಿಕೊಳ್ಳಿ. ಫೋನ್ ಇನ್ನೂ ಕೈಯಲ್ಲಿರುವ ನಿಮ್ಮ ರೂಮ್‌ಮೇಟುಗಳು ಈಗಲೇ *#06# ಒತ್ತಿ, ಬಂದ 15 ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಲಿ. ಫೋನಿನಲ್ಲೇ ಸೇವ್ ಮಾಡಿಕೊಳ್ಳುವ ಜಾಣರೂ ಇದ್ದಾರೆ.

ಲ್ಯಾಪ್‌ಟಾಪಿಗೆ ಇಂಥ ವ್ಯವಸ್ಥೆ ಇಲ್ಲ. ಯಾವನೋ ಒಬ್ಬ ಬೇರೆ ಕಳ್ಳತನದಲ್ಲಿ ಸಿಕ್ಕಿಬಿದ್ದು ಹಳೆಯದನ್ನೆಲ್ಲ ಬಾಯಿಬಿಟ್ಟಾಗ ಅದು ಹೊರಗೆ ಬರುತ್ತದೆ. ಆಗ ‘ಇದು ನನ್ನದೇ’ ಅನ್ನುವುದಕ್ಕೆ ಸೀರಿಯಲ್ ನಂಬರಿರುವ ಬಿಲ್ಲು ಮತ್ತು ಎಫ್‌ಐಆರ್ ಬೇಕು. ಕೋರ್ಟಿನಿಂದ ಬಿಡಿಸಿಕೊಳ್ಳಲಿಕ್ಕೂ ಅವೇ. ‘ಕಳೆದುಹೋಗಿದೆ’ ಅನ್ನುವ ಚೀಟಿ ಅಲ್ಲಿ ಸೋಲುತ್ತದೆ, ನಾನು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ. ಅಷ್ಟರಲ್ಲಿ ಬೇರೆ ಕಂಪ್ಯೂಟರಿನಿಂದ ನಿಮ್ಮ ಗೂಗಲ್ ಖಾತೆಗೆ ಹೋಗಿ ಕಳುವಾದ ಎರಡೂ ಸಾಧನಗಳಿಂದ ಲಾಗ್‌ಔಟ್ ಮಾಡಿ, ಪಾಸ್‌ವರ್ಡ್ ಬದಲಾಯಿಸಿ. ಬ್ಯಾಂಕ್ ಸ್ಟೇಟ್‌ಮೆಂಟ್ ಒಮ್ಮೆ ನೋಡಿ. ನಿಮಗೆ ಗೊತ್ತಿಲ್ಲದ ಒಂದು ರೂಪಾಯಿ ಹೋಗಿದ್ದರೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹೊಸ ಫೋನ್ ತಗೊಂಡಾಗ ಸಿಮ್‌ಗೂ ಪಿನ್ ಹಾಕಿಕೊಳ್ಳಿ. ಇದನ್ನು ಮಾಡುವವರು ಬಹಳ ಕಡಿಮೆ. ಕದ್ದ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ಒಟಿಪಿ ತರಿಸಿಕೊಳ್ಳುವ ದಾರಿ ಅದರಿಂದ ಮುಚ್ಚುತ್ತದೆ.

ಇನ್ನು ಇದು ಹೇಗೆ ಆಯಿತು ಅನ್ನುವುದನ್ನು ಸ್ವಲ್ಪ ನೋಡೋಣ. ಬೆಳಿಗ್ಗೆ ಏಳರ ಕಾರಿಡಾರ್ ನೆನಪು ಮಾಡಿಕೊಳ್ಳಿ. ಬಿಸಿನೀರು ಬಂದಿದೆ ಅಂತ ಯಾರೋ ಕೂಗುತ್ತಾರೆ. ಬಕೆಟ್ ಹಿಡಿದು ಎಲ್ಲರೂ ಒಂದೇ ಕಡೆ ಓಡುತ್ತಾರೆ. ಅರ್ಧಕ್ಕರ್ಧ ಬಾಗಿಲು ಸುಮ್ನೆ ಎಳೆದುಕೊಂಡಿರುತ್ತವೆ, ಚಿಲಕ ಇಲ್ಲ. ಹಾಲಿನವರು, ಪೇಪರಿನವರು, ಕಸ ಗುಡಿಸುವವರು, ಮೆಸ್ಸಿಗೆ ತರಕಾರಿ ಇಳಿಸುವವರು ಎಲ್ಲ ಆ ಹೊತ್ತಿಗೇ ಓಡಾಡುತ್ತಾರೆ. ಅಪರಿಚಿತ ಮುಖವೊಂದು ಬಂದರೂ ಯಾರ ಗಮನಕ್ಕೂ ಬರುವುದಿಲ್ಲ. ರಾತ್ರಿ ಹೊತ್ತು ಇದೇ ಮನುಷ್ಯ ಬಂದಿದ್ದರೆ ಮೊದಲ ರೂಮಿನಲ್ಲೇ ಸಿಕ್ಕಿಬೀಳುತ್ತಿದ್ದ. ಹಾಸ್ಟೆಲ್ ಕಳ್ಳನಿಗೆ ಗಡಿಬಿಡಿಯೇ ಒಳ್ಳೆಯ ಮುಸುಕು: ಬೆಳಗಿನ ಸ್ನಾನ, ಅಡ್ಮಿಷನ್ ದಿನಗಳು, ಹಬ್ಬಕ್ಕೆ ಊರಿಗೆ ಹೊರಡುವ ಸಂಜೆ, ಪರೀಕ್ಷೆಯ ಬೆಳಿಗ್ಗೆ.

‘ಗೆಳತಿಯ ರೂಮು ಯಾವುದು’ ಅಂತ ಕೇಳಿಕೊಂಡು ಬರುವವರು, ಆಶ್ರಮಕ್ಕೆ ಚಂದಾ ಅಂತ ರಸೀದಿ ಪುಸ್ತಕ ಹಿಡಿದು ಬರುವವರು, ಫಿಲ್ಟರ್ ರಿಪೇರಿಯವರು. ಇವರೆಲ್ಲ ಕಳ್ಳರು ಅಂತಲ್ಲ. ಆದರೆ ಒಬ್ಬರನ್ನೂ ನಿಲ್ಲಿಸಿ ಕೇಳುವವರಿಲ್ಲ ಅನ್ನುವುದೇ ಸಮಸ್ಯೆ. ಗಟ್ಟಿಯಾದ ಬೀಗ ತಗೊಳ್ಳಿ. ಹಾಸ್ಟೆಲ್ ಎದುರಿನ ಅಂಗಡಿಯಲ್ಲಿ ಸಿಗುವ ಸಣ್ಣ ಬೀಗಗಳಲ್ಲಿ ಒಂದರ ಕೀಲಿ ಇನ್ನೊಂದಕ್ಕೆ ಆಗುವುದುಂಟು. ಕೀಲಿಯನ್ನು ಚಪ್ಪಲಿ ಸ್ಟ್ಯಾಂಡಿನಲ್ಲಿ, ಬಾಗಿಲ ಮೇಲಿನ ಪಟ್ಟಿಯಲ್ಲಿ ಇಡುವ ಅಭ್ಯಾಸ ಬಿಡಿ. ಕಳ್ಳ ಮೊದಲು ಕೈಯಾಡಿಸುವುದೇ ಅಲ್ಲಿ. ಕಿಟಕಿ ಪಕ್ಕದ ಪ್ಲಗ್ಗಿನಲ್ಲಿ ಚಾರ್ಜಿಗೆ ಹಾಕಬೇಡಿ. ಕೋಲಿಗೆ ಕೊಕ್ಕೆ ಕಟ್ಟಿ ಸರಳಿನ ಸಂದಿಯಿಂದ ಎಳೆದುಕೊಳ್ಳುವವರು ಇದ್ದಾರೆ. ಲೈಬ್ರರಿಯಲ್ಲಿ ಬ್ಯಾಗ್ ಹೊರಗಿಡಬೇಕು ಅನ್ನುವ ನಿಯಮ ಇದ್ದರೆ ಲ್ಯಾಪ್‌ಟಾಪನ್ನು ಕೈಯಲ್ಲೇ ಒಳಗೆ ಒಯ್ಯಿರಿ. ಆ ರ‍್ಯಾಕಿನಿಂದ ಯಾರು ಯಾವ ಬ್ಯಾಗ್ ಎತ್ತಿದರು ಅಂತ ಯಾರೂ ನೋಡುವುದಿಲ್ಲ.

ಒಳಗಿನವರೇ ತೆಗೆದಿರಬಹುದಾ? ಇರಬಹುದು. ಆದರೆ ಇಲ್ಲಿ ದಯವಿಟ್ಟು ಒಂದು ಮಾತು ಕೇಳಿ. ಗುಂಪು ಕಟ್ಟಿಕೊಂಡು ಒಬ್ಬರ ಟ್ರಂಕು ಜಾಲಾಡುವುದು, ಕಸ ಗುಡಿಸುವ ಅಕ್ಕನ ಚೀಲ ಸುರಿಸಿ ನೋಡುವುದು, ವಾಟ್ಸ್ಯಾಪ್ ಗ್ರೂಪಿನಲ್ಲಿ ಹೆಸರು ಹಾಕುವುದು, ಇದ್ಯಾವುದನ್ನೂ ಮಾಡಬೇಡಿ, ಬೇರೆಯವರು ಮಾಡಲೂ ಬಿಡಬೇಡಿ. ಅನುಮಾನ ಯಾವಾಗಲೂ ಬಡವರ ಮೇಲೆ, ಬೇರೆ ಊರಿನವರ ಮೇಲೆ, ಗ್ರೂಪಿಗೆ ಸೇರದ ಹುಡುಗಿಯ ಮೇಲೆ ಮೊದಲು ಹೋಗುತ್ತದೆ. ನಿಜವಾದ ಕಳ್ಳ ಸಿಗುವುದು ಅದರಿಂದಲ್ಲ. ಅನುಮಾನ ಇದ್ದರೆ ಕಾರಣದ ಜೊತೆ ತನಿಖಾಧಿಕಾರಿಗೆ ಹೇಳಿ, ಅಲ್ಲಿಗೆ ನಿಲ್ಲಿಸಿ.

ಗೆಳತಿಯ ಫೋನಿನದು ಬೇರೆ ಜಾತಿಯ ಅಪರಾಧ. ಕಿತ್ತುಕೊಂಡು ಓಡುವುದಕ್ಕೆ ಹೊಸ ಸಂಹಿತೆಯಲ್ಲಿ ಪ್ರತ್ಯೇಕ ಕಲಂ ಬಂದಿದೆ, 304. ಮೂರು ವರ್ಷದವರೆಗೆ ಜೈಲು. ಹಳೆಯ ಐಪಿಸಿಯಲ್ಲಿ ಹೀಗೆ ಪ್ರತ್ಯೇಕ ಇರಲಿಲ್ಲ. ಅವರೂ ಎಫ್‌ಐಆರ್ ಮಾಡಿಸಬೇಕು, ಸಿಇಐಆರ್‌ನಲ್ಲಿ ಬ್ಲಾಕ್ ಮಾಡಬೇಕು. ಕಿತ್ತುಕೊಳ್ಳುವಾಗ ಸ್ಕ್ರೀನ್ ತೆರೆದೇ ಇತ್ತು ಅಂದರೆ ಎಲ್ಲಕ್ಕಿಂತ ಮೊದಲು ಸಿಮ್ ನಿಲ್ಲಿಸಿ, ಬ್ಯಾಂಕಿಗೆ ಹೇಳಿ ಯುಪಿಐ ಬಂದ್ ಮಾಡಿಸಬೇಕಿತ್ತು. ಮುಂದೆ ಯಾರಿಗಾದರೂ ಆದರೆ ಈ ಕ್ರಮ ನೆನಪಿರಲಿ.

ನಮ್ಮ ದೊಡ್ಡ ಕ್ಯಾಂಪಸ್ಸುಗಳ ಕಷ್ಟ ಏನೆಂದರೆ ಅವು ಕ್ಯಾಂಪಸ್ಸೂ ಹೌದು, ಊರಿನ ರಸ್ತೆಯೂ ಹೌದು. ಬೆಂಗಳೂರಿನ ಜ್ಞಾನಭಾರತಿ ಸಾವಿರ ಎಕರೆಗೂ ಜಾಸ್ತಿ. ಮೈಸೂರು ರಸ್ತೆಗೂ ನಾಗರಭಾವಿಗೂ ನಡುವೆ ಓಡಾಡುವವರು ಅದರೊಳಗೇ ಹಾದುಹೋಗುತ್ತಾರೆ. 2022ರ ಅಕ್ಟೋಬರಿನಲ್ಲಿ ಅಲ್ಲಿ ಬಿಎಂಟಿಸಿ ಬಸ್ಸಿನ ಅಪಘಾತದಲ್ಲಿ ವಿದ್ಯಾರ್ಥಿನಿಯೊಬ್ಬರು ತೀವ್ರವಾಗಿ ಗಾಯಗೊಂಡಾಗ, ಹೊರಗಿನ ವಾಹನ ಒಳಗೆ ಬಿಡಬೇಡಿ ಅಂತ ವಿದ್ಯಾರ್ಥಿಗಳು ರಸ್ತೆಗಿಳಿದರು. ಮೈಸೂರಿನ ಮಾನಸಗಂಗೋತ್ರಿ ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ, ಅಲ್ಲಿಗೆ ಇಡೀ ಊರು ವಾಕಿಂಗ್ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜ್ಞಾನಭಾರತಿ ಎರಡರಲ್ಲೂ ಗಂಧದ ಮರ ಕಡಿದು ಸಾಗಿಸಿದ ಸುದ್ದಿ ಆಗಾಗ ಬಂದಿದೆ. ಗರಗಸ ತಂದು ಮರ ಕೊಯ್ದು ಹೊತ್ತೊಯ್ಯುವಷ್ಟು ಪುರಸೊತ್ತು ಸಿಗುತ್ತದೆ ಅಂದಮೇಲೆ ಫೋನು ಯಾವ ಲೆಕ್ಕ!

ಬೈಕಿನವರು ಹೆಚ್ಚಾಗಿ ಹಿಂದಿನಿಂದ ಬರುತ್ತಾರೆ. ಆದ್ದರಿಂದ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವ ಹಾಗೆ ನಡೆಯಿರಿ. ಫೋನ್ ರಸ್ತೆ ಕಡೆಯ ಕೈಯಲ್ಲಿ ಬೇಡ. ಕತ್ತಲಾದ ಮೇಲೆ ಎರಡೂ ಕಿವಿಗೆ ಇಯರ್‌ಫೋನ್ ಬೇಡ. ಕಿತ್ತರೆ ಬಿಟ್ಟುಬಿಡಿ. ಬ್ಯಾಗಿನ ಪಟ್ಟಿ ಹಿಡಿದು ಎಳೆದಾಡಲು ಹೋಗಿ ಬೈಕಿನ ಹಿಂದೆ ಎಳೆಸಿಕೊಂಡವರು ಆಸ್ಪತ್ರೆ ಸೇರಿದ್ದಾರೆ. ಬೈಕಿನ ನಂಬರಿನ ಕೊನೆಯ ಎರಡು ಅಂಕಿ, ಹಿಂದೆ ಕೂತವನ ಅಂಗಿಯ ಬಣ್ಣ, ಹೋದ ದಿಕ್ಕು. ಅಷ್ಟು ನೆನಪಿಟ್ಟುಕೊಂಡು ತಕ್ಷಣ ಯಾರದಾದರೂ ಫೋನಿನಿಂದ 112ಕ್ಕೆ ಕರೆ ಮಾಡಿದರೆ ಹೊಯ್ಸಳ ಗಾಡಿಗೋ ಗಸ್ತಿನವರಿಗೋ ಉಪಯೋಗಕ್ಕೆ ಬರುತ್ತದೆ.

ಈಗ ಆರೂವರೆ ಗೇಟಿನ ವಿಷಯ. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇದನ್ನು ಓದಿ. ಕಳ್ಳ ಬಂದದ್ದು ಬೆಳಿಗ್ಗೆ ಏಳಕ್ಕೆ, ಗೇಟು ಹಾಕುತ್ತಿರುವುದು ಸಂಜೆ ಆರೂವರೆಗೆ. ಒಳಗೆ ಬರುವವರನ್ನು ತಡೆಯಲಾಗದೆ ಒಳಗಿದ್ದವರನ್ನು ಕೂಡಿಹಾಕಿದ್ದಾರೆ. ಇದಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮವೇ ಅಡ್ಡ ಬರುತ್ತದೆ. ಲೈಂಗಿಕ ಕಿರುಕುಳ ತಡೆಗೆ ಯುಜಿಸಿ ಮಾಡಿದ 2015ರ ನಿಯಮಾವಳಿಯಲ್ಲಿ ಒಂದು ಅಂಶ ಸ್ಪಷ್ಟವಾಗಿದೆ: ವಿದ್ಯಾರ್ಥಿನಿಯರ ಸುರಕ್ಷತೆಯ ನೆಪ ಹೇಳಿ, ಹುಡುಗರಿಗಿಲ್ಲದ ತಾರತಮ್ಯದ ನಿಯಮವನ್ನು ಹುಡುಗಿಯರ ಹಾಸ್ಟೆಲಿನಲ್ಲಿ ಹೇರಬಾರದು. ಸುರಕ್ಷತೆ ಅಂದರೆ ವಿದ್ಯಾರ್ಥಿನಿಯರ ಮೇಲೆ ಅತಿಯಾಗಿ ಕಣ್ಣಿಡುವುದು, ಓಡಾಟ ಕಡಿತ ಮಾಡುವುದು ಆಗಬಾರದು ಅಂತಲೂ ಅದರಲ್ಲಿದೆ. ಎಷ್ಟೋ ವಾರ್ಡನ್‌ಗಳು ಇದನ್ನು ಓದಿಯೇ ಇರುವುದಿಲ್ಲ.

2021ರ ಆಗಸ್ಟಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆಗ ಮೈಸೂರು ವಿಶ್ವವಿದ್ಯಾಲಯ ಒಂದು ಸುತ್ತೋಲೆ ಹೊರಡಿಸಿತು. ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಬ್ಬರೇ ಓಡಾಡಬಾರದು, ಕುಕ್ಕರಹಳ್ಳಿ ಕೆರೆ ಕಡೆ ಹೋಗಬಾರದು ಅಂತ. ಹುಡುಗಿಯರಿಗೆ ಮಾತ್ರ ಯಾಕೆ ಅಂತ ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಅದನ್ನು ಬದಲಾಯಿಸಬೇಕಾಯಿತು. ನಿಮ್ಮ ರಿಜಿಸ್ಟ್ರಾರ್‌ಗೆ ಬರೆಯುವಾಗ ಇದನ್ನು ನೆನಪಿಸಬಹುದು.

ಬರೆಯುವುದಾದರೆ ಒಬ್ಬರೇ ಬರೆಯಬೇಡಿ. ಹಾಸ್ಟೆಲಿನ ಇಪ್ಪತ್ತು ಮೂವತ್ತು ಸಹಿ ಇರಲಿ, ಹುಡುಗರ ಹಾಸ್ಟೆಲಿನವರದ್ದೂ ಸೇರಲಿ, ಅವರಿಗೂ ಕಳ್ಳತನ ಆಗಿದೆಯಲ್ಲ. ‘ಭದ್ರತೆ ಹೆಚ್ಚಿಸಿ’ ಅಂತ ಮೋಘಮ್ಮಾಗಿ ಕೇಳಿದರೆ ‘ಕ್ರಮ ಕೈಗೊಳ್ಳಲಾಗುವುದು’ ಅನ್ನುವ ಉತ್ತರ ಬರುತ್ತದೆ. ಜಾಗ ಹೇಳಿ, ಕಂಬ ತೋರಿಸಿ. ಹಾಸ್ಟೆಲಿಂದ ಲೈಬ್ರರಿಗೆ ಹೋಗುವ ದಾರಿಯಲ್ಲಿ ಯಾವ ದೀಪ ಉರಿಯುತ್ತಿಲ್ಲ, ಕಾಂಪೌಂಡ್ ಎಲ್ಲಿ ಒಡೆದಿದೆ, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಗೇಟಿನಲ್ಲಿ ಗಾರ್ಡ್ ಇರುತ್ತಾರಾ ಅಥವಾ ಅದೇ ಹೊತ್ತಿಗೆ ಪಾಳಿ ಬದಲಾಗುತ್ತದಾ, ಹೊರಗಿನವರ ಹೆಸರು ಬರೆಯುವ ರಿಜಿಸ್ಟರ್ ಕೊನೆಯ ಸಲ ಯಾವಾಗ ತುಂಬಿದೆ. ಪಾಳಿ ಬದಲಾಗುವ ಹೊತ್ತನ್ನು ಸುಮ್ಮನೆ ಬಿಡಬೇಡಿ. ನನ್ನ ಅನುಭವದಲ್ಲಿ ಗಾರ್ಡ್ ಕುರ್ಚಿ ಖಾಲಿ ಇರುವುದು ಆಗಲೇ, ಅದು ಕಳ್ಳನಿಗೂ ಗೊತ್ತಿರುತ್ತದೆ.

ಈ ಓಡಾಟದಲ್ಲಿ ಯಾರಾದರೂ ಹಿಂಬಾಲಿಸುವುದು, ಕೆಟ್ಟದಾಗಿ ಮಾತಾಡುವುದು ಆದರೆ ಅದು ಬೇರೆ ದಾರಿ. ಕ್ಯಾಂಪಸ್ಸಿನ ಆಂತರಿಕ ದೂರು ಸಮಿತಿಗೆ ಮೂರು ತಿಂಗಳೊಳಗೆ ಬರೆದು ಕೊಡಬಹುದು. ಬೇಕಿದ್ದರೆ ಪೊಲೀಸರ ಹತ್ತಿರವೂ ಹೋಗಬಹುದು, ಒಂದಕ್ಕೆ ಹೋದರೆ ಇನ್ನೊಂದು ತಪ್ಪುವುದಿಲ್ಲ.

ಕೊನೆಗೆ ಅಪ್ಪನ ಮಾತು. ಅವರ ಆತಂಕ ಸಹಜ. ಆದರೆ ಪಿಜಿ ಅಂದ ಮಾತ್ರಕ್ಕೆ ಸುರಕ್ಷಿತ ಅಂತ ಏನಿಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ರಾತ್ರಿ ಹೊತ್ತು ಪಿಜಿಯೊಳಗೇ ಬಂದವನೊಬ್ಬ ಯುವತಿಯನ್ನು ಕೊಂದ. ಆಮೇಲೆಯೇ ಅಲ್ಲಿನ ಪಿಜಿಗಳ ಗೇಟು, ಗಾರ್ಡು, ಕ್ಯಾಮೆರಾ ಬಗ್ಗೆ ದೊಡ್ಡ ಚರ್ಚೆ ಆದದ್ದು. ಹಾಸ್ಟೆಲಿನಲ್ಲಿ ಕನಿಷ್ಠ ಕೇಳುವುದಕ್ಕೆ ಒಂದು ಕಚೇರಿ ಇದೆ, ಅರ್ಜಿ ಕೊಟ್ಟರೆ ಸೀಲು ಹಾಕಲೇಬೇಕಾದ ಗುಮಾಸ್ತರಿದ್ದಾರೆ. ಜೊತೆಗೆ ಪಿಜಿಯಿಂದ ಕ್ಲಾಸಿಗೆ ದಿನಾ ಎರಡು ಸಲ ಅದೇ ಕತ್ತಲೆ ರಸ್ತೆಯಲ್ಲೇ ಬರಬೇಕು. ನನ್ನ ಮಗಳಾಗಿದ್ದರೆ ಹಾಸ್ಟೆಲಿನಲ್ಲೇ ಇರು ಅನ್ನುತ್ತಿದ್ದೆ. ಆದರೂ ಹೋಗುವುದೇ ಅಂತಾದರೆ ಹಗಲು ಹೊತ್ತು ರೂಮು ತೋರಿಸಿದ್ದಕ್ಕೆ ಒಪ್ಪಿಕೊಳ್ಳಬೇಡಿ. ಅಪ್ಪನ ಜೊತೆ ರಾತ್ರಿ ಹತ್ತರ ಮೇಲೆ ಒಮ್ಮೆ ಹೋಗಿ, ಗೇಟಿನಲ್ಲಿ ನಿಮ್ಮನ್ನು ಯಾರಾದರೂ ನಿಲ್ಲಿಸಿ ಕೇಳುತ್ತಾರಾ ನೋಡಿ. ಕೇಳಲಿಲ್ಲ ಅಂದರೆ ಅಡ್ವಾನ್ಸ್ ಕೊಡಬೇಡಿ.